ಹೆಸರುಕಾಳಿಗೆ ಹುಳ, ಉಪ್ಪಿನಕಾಯಿಗೆ ಬೂಷ್ಟು: ವರ್ಷದ ದಿನಸಿ ಮನೇಲಿ ಇಡೋದು ಹೇಗೆ?

ಪ್ರಶ್ನೆ: ಮೇಡಂ, ನಾವು ಬೆಂಗಳೂರಿನ ಲಗ್ಗೆರೇಲಿ ಬಾಡಿಗೆ ಮನೇಲಿದ್ದೀವಿ, ಎರಡನೇ ಫ್ಲೋರು. ನಾನು, ಯಜಮಾನ್ರು, ಅತ್ತೆ, ಇಬ್ಬರು ಮಕ್ಕಳು, ಒಬ್ಬರದ್ದೇ ಸಂಬಳ. ಖರ್ಚು ಉಳಿಸೋಣ ಅಂತ ಹೋದ ವರ್ಷ 26 ಕೆಜಿ ಅಕ್ಕಿ ಮೂಟೆ ಎರಡು, 10 ಕೆಜಿ ತೊಗರಿಬೇಳೆ, 5 ಕೆಜಿ ಹೆಸರುಕಾಳು ಒಟ್ಟಿಗೇ ತಂದ್ವಿ. ಅಕ್ಕಿಗೆ ನುಸಿ ಬಿತ್ತು, ಹೆಸರುಕಾಳೆಲ್ಲ ತೂತು, ಬೇಳೆ ಮುಗ್ಗಲು ವಾಸನೆ. ಮಾವಿನಕಾಯಿ ಉಪ್ಪಿನಕಾಯೀನೂ ಯಜಮಾನ್ರಿಗೆ ಬಿಪಿ ಅಂತ ಉಪ್ಪು ಕಮ್ಮಿ ಹಾಕಿ ಮಾಡಿದ್ದೆ, ಎರಡು ತಿಂಗಳಿಗೆ ಬೂಷ್ಟು. ಅಂಗಡಿಯವರು ಅಕ್ಕಿಗೆ ಮಾತ್ರೆ ಇಡಿ ಅಂತಾರೆ, ಇಡಬಹುದಾ? ವಿಡಿಯೋಗಳಲ್ಲಿ ತರಕಾರೀನ ಗಾಜಿನ ಬಾಟಲಿಗೆ ಹಾಕಿ ಕುದಿಸಿ ವರ್ಷಗಟ್ಟಲೆ ಇಡ್ತಾರಲ್ಲ, ನಾವೂ ಮಾಡಬಹುದಾ? ನಮ್ಮದು ಸಿಂಗಲ್ ಡೋರ್ ಫ್ರಿಡ್ಜು.

ಉತ್ತರ: ಮೊದಲು ಮಾತ್ರೆ ವಿಷ್ಯ ಹೇಳ್ಬಿಡ್ತೀನಮ್ಮ, ಯಾಕಂದ್ರೆ ಮಿಕ್ಕಿದ್ದು ನಾಳೆ ಓದಿದ್ರೂ ನಡೆಯುತ್ತೆ. ಇಡಬೇಡಿ. ಅಂಗಡಿಯವರು ಹೇಳ್ತಿರೋದು ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆ, ಗೋಡೌನಲ್ಲಿ ಟಾರ್ಪಾಲ್ ಮುಚ್ಚಿ ಇಡೋ ಅಂಥದ್ದು. ಗಾಳಿಯಲ್ಲಿರೋ ತೇವ ತಾಗಿದ್ರೆ ಸಾಕು, ಫಾಸ್ಫೀನ್ ಅನ್ನೋ ವಿಷದ ಗ್ಯಾಸ್ ಬಿಡುತ್ತೆ. ಮುಚ್ಚಿದ ರೂಮಲ್ಲಿ ಅಕ್ಕಿ ಮೂಟೆ ಪಕ್ಕ ಮಕ್ಕಳು ಮಲಗಿದ್ರೆ ಬೆಳಗಾಗೋದ್ರೊಳಗೆ ಜೀವಕ್ಕೇ ಅಪಾಯ, ಇದಕ್ಕೆ ಔಷಧಿ ಅನ್ನೋದೂ ಇಲ್ಲ. ಬೋರಿಕ್ ಪೌಡರ್ ಕಲಸೋ ಅಭ್ಯಾಸ ಇನ್ನೂ ಕೆಲವು ಮನೇಲಿದೆ, ತೊಳೆದ್ರೆ ಹೋಗುತ್ತೆ ಅಂತಾರೆ, ಅದೂ ಬೇಡ. ಪಾದರಸದ ಗುಳಿಗೆ ಅಂತೂ ಹೆಸರೇ ಎತ್ತಬೇಡಿ.

ಈಗ ನಿಮ್ಮ ಪಟ್ಟಿಗೆ ಬರೋಣ. ನಿಮ್ಮ ಪ್ರಶ್ನೇಲೇ ಒಂದು ತಪ್ಪಿದೆ, ಬೇಜಾರು ಮಾಡ್ಕೋಬೇಡಿ, ನಾನೂ ಮದುವೆಯಾದ ಹೊಸದರಲ್ಲಿ ಅದೇ ತಪ್ಪು ಮಾಡಿದ್ದೆ. ಎಲ್ಲಾನೂ ಒಟ್ಟಿಗೆ ತಂದ್ರೆ ಉಳಿತಾಯ ಅನ್ನೋದು ನಮ್ಮ ಅಜ್ಜಿ ಕಾಲದ ಲೆಕ್ಕ. ಅವರ ಹತ್ರ ಅಟ್ಟ ಇತ್ತು, ಕಣಜ ಇತ್ತು, ವಾರಕ್ಕೊಂದು ಸಲ ಮೊರ ಹಿಡಿದು ಕೇರೋಕೆ ನಾಲ್ಕು ಜನ ಹೆಂಗಸರಿದ್ರು. ನಿಮ್ಮ ಹತ್ರ ಇರೋದು ಅಡುಗೆಮನೆ ಸ್ಲ್ಯಾಬ್ ಕೆಳಗಿನ ಜಾಗ, ಅದೂ ಬಾತ್‌ರೂಮ್ ಗೋಡೆಗೆ ಅಂಟಿಕೊಂಡಿರತ್ತೆ ಅಂತ ನನ್ನ ಊಹೆ. ಕೆಜಿಗೆ ಹತ್ತು ರೂಪಾಯಿ ಕಮ್ಮಿ ಅಂತ ಹತ್ತು ಕೆಜಿ ಬೇಳೆ ತಂದ್ರೆ ಉಳಿಯೋದು ನೂರು ರೂಪಾಯಿ, ಅದರಲ್ಲಿ ಒಂದೇ ಒಂದು ಕೆಜಿ ಮುಗ್ಗಿದ್ರೂ ಆ ನೂರು ಹೋಗಿ ಮೇಲೆ ಕೈಯಿಂದ ಬಿತ್ತು, ಯಶವಂತಪುರದ ಸಗಟು ಮಾರ್ಕೆಟ್ ಯಾರ್ಡಿಂದ ಲಗ್ಗೆರೆಗೆ ಬಂದ ಆಟೋ ಚಾರ್ಜ್ ನಾನಿನ್ನೂ ಸೇರಿಸೇ ಇಲ್ಲ.

ಅದಕ್ಕೆ ನಾನು ಹೇಳೋದು, ಯಾವುದನ್ನ ವರ್ಷಕ್ಕೆ ತರಬೇಕು, ಯಾವುದನ್ನ ತಿಂಗಳಿಗೆ ತರಬೇಕು ಅಂತ ಬೇರೆ ಮಾಡ್ಕೊಳ್ಳಿ. ಹುಣಸೆಹಣ್ಣು, ಒಣಮೆಣಸಿನಕಾಯಿ, ಧನಿಯ, ಕಲ್ಲುಪ್ಪು, ರಾಗಿ, ಇವು ವರ್ಷಕ್ಕೆ ತಂದ್ರೂ ಸರಿ, ಸುಗ್ಗಿಯಲ್ಲಿ ತಂದ್ರೆ ರೇಟೂ ಕಮ್ಮಿ, ಮಾಲೂ ಹೊಸದು. ಅಕ್ಕಿ ಒಂದು ಮೂಟೆ ಸಾಕು, ಐದು ಜನಕ್ಕೆ ರಾಗಿ ಮುದ್ದೆ, ಚಪಾತಿ ಎಲ್ಲ ಸೇರಿ ಒಂದೂವರೆ ತಿಂಗಳಿಗೆ ಖಾಲಿ ಆಗತ್ತೆ. (ಈ 26 ಕೆಜಿ ಲೆಕ್ಕ ಎಲ್ಲಿಂದ ಬಂತು ಅಂತ ತುಂಬ ಜನ ಕೇಳ್ತಾರೆ. 2022ರ ಜುಲೈಯಲ್ಲಿ 25 ಕೆಜಿ ತನಕದ ಪ್ಯಾಕ್ ಮಾಡಿ ಲೇಬಲ್ ಹಾಕಿದ ಅಕ್ಕಿಗೆ 5 ಪರ್ಸೆಂಟ್ ಜಿಎಸ್‌ಟಿ ಬಂತು, ಮಿಲ್ಲಿನವರು ಒಂದು ಕೆಜಿ ಜಾಸ್ತಿ ತುಂಬಿಸಿ ಆಚೆ ಬಂದ್ರು, ಅಷ್ಟೆ.) ಬೇಳೆ, ಕಾಳು ಎರಡು ತಿಂಗಳಿಗೆ ಆಗೋಷ್ಟು. ರವೆ, ಮೈದಾ, ಕಡ್ಲೆಹಿಟ್ಟು, ಎಣ್ಣೆ ಇವೆಲ್ಲ ತಿಂಗಳಿಂದ ತಿಂಗಳಿಗೆ. ಎಣ್ಣೆ, ಕಡಲೆಬೀಜ, ಒಣಕೊಬ್ಬರಿ ಜಾಸ್ತಿ ದಿನ ಇಟ್ರೆ ಹುಳ ಬೀಳದಿದ್ರೂ ಕಮಟು ಬರತ್ತೆ.

ರಾಗಿನ ಯಾಕೆ ವರ್ಷದ ಪಟ್ಟಿಗೆ ಸೇರಿಸಿದೆ ಅಂದ್ರೆ ಅದು ಪುಟ್ಟ ಕಾಳು, ಗಟ್ಟಿ ಸಿಪ್ಪೆ, ಹುಳಕ್ಕೆ ಒಳಗೆ ಹೋಗಿ ಮೊಟ್ಟೆ ಇಡೋಕೆ ಜಾಗವೇ ಸಾಲಲ್ಲ. ನಮ್ಮ ಕೋಲಾರ, ಬೆಂಗಳೂರು ಕಡೆ ಹಳ್ಳಿಗಳಲ್ಲಿ ನೆಲದೊಳಗೆ ಹಗೇವು ತೋಡಿ ವರ್ಷಗಟ್ಟಲೆ ರಾಗಿ ಇಡ್ತಿದ್ರಲ್ಲ, ಬರ ಬಂದಾಗ ತೆಗೀತಿದ್ರು. ಹಗೇವಿನ ಬಾಯಿ ತೆಗೆದ ತಕ್ಷಣ ಯಾರೂ ಇಳೀಬಾರದು, ಒಂದಷ್ಟು ಹೊತ್ತು ಹಾಗೇ ಬಿಟ್ಟು ಗಾಳಿ ಆಡಿಸಿ ಆಮೇಲೆ ಇಳೀಬೇಕು ಅಂತ ನಮ್ಮ ತಾತ ಹೇಳ್ತಿದ್ರು, ಯಾಕಂದ್ರೆ ಒಳಗೆ ಉಸಿರಾಡೋ ಗಾಳಿ ಮುಗಿದಿರತ್ತೆ. ಮನುಷ್ಯನಿಗೆ ಅಪಾಯ ಆದ ಅದೇ ವಿಷಯ ರಾಗಿಗೆ ಕಾವಲು, ಹುಳಕ್ಕೂ ಉಸಿರು ಬೇಕಲ್ವಾ. ನಿಮ್ಮ ಸ್ಟೀಲ್ ಡಬ್ಬಕ್ಕೂ ಇದೇ ನಿಯಮ. ಡಬ್ಬ ಕಂಠದ ತನಕ ತುಂಬಿಸಿ, ಬಾಯಿ ಬಿಗಿಯಾಗಿರಲಿ. ಇಪ್ಪತ್ತು ಕೆಜಿ ಡಬ್ಬದಲ್ಲಿ ಐದು ಕೆಜಿ ಹಾಕಿಟ್ರೆ ಮಿಕ್ಕಿದ್ದೆಲ್ಲ ಗಾಳಿ, ಹುಳಕ್ಕೆ ಸಂಸಾರ ಮಾಡೋಕೆ ಆರಾಮು. ಒಂದು ದೊಡ್ಡ ಡಬ್ಬದ ಬದಲು ಮೂರು ಸಣ್ಣದು ತುಂಬಿಟ್ಟು ಒಂದೊಂದಾಗಿ ತೆಗೆಯೋದು ವಾಸಿ. ರಾಗಿ ಹಿಟ್ಟು ಮಾತ್ರ ವರ್ಷಕ್ಕೆ ಬೀಸಬೇಡಿ ಮತ್ತೆ, ಮೂರು ನಾಲ್ಕು ಕೆಜಿ ಮಿಲ್ಲಿಗೆ ಕೊಟ್ಟು ತಿಂಗಳೊಳಗೆ ಮುಗಿಸಿ.

ಅಕ್ಕಿ ನುಸಿ ನಿಮ್ಮ ಮನೇಲಿ ಹುಟ್ಟಿದ್ದಲ್ಲ, ಮೂಟೆ ಜೊತೇಲೇ ಬಂದಿದ್ದು. ಹೆಣ್ಣು ನುಸಿ ಅಕ್ಕಿ ಕಾಳಿಗೆ ತೂತು ಕೊರೆದು ಒಳಗೆ ಮೊಟ್ಟೆ ಇಟ್ಟು ಮೇಲೆ ಮುಚ್ಚಿಬಿಡತ್ತೆ, ಕಣ್ಣಿಗೆ ಕಾಣೋದೇ ಇಲ್ಲ. ನಮ್ಮೂರಿನ ಹವಾದಲ್ಲಿ ಸುಮಾರು ಒಂದು ತಿಂಗಳಿಗೆ ಅದು ಹುಳ ಆಗಿ ಆಚೆ ಬರತ್ತೆ. ಮೂಟೆ ತಂದು ಒಂದು ತಿಂಗಳು ಚೆನ್ನಾಗೇ ಇತ್ತು ಮೇಡಂ, ಆಮೇಲೆ ಇದ್ದಕ್ಕಿದ್ದಂಗೆ ಹುಳ ಅಂತ ಎಲ್ರೂ ಹೇಳೋದು ಇದಕ್ಕೇ. ನೀವು ಎರಡು ಮೂಟೆ ತಂದ್ರಿ, ಎರಡನೇದನ್ನ ಬಿಚ್ಚೋ ಹೊತ್ತಿಗೆ ಎರಡು ತಲೆಮಾರು ಆಗಿತ್ತು. ಅಕ್ಕೀನ ಸುಡುಬಿಸಿಲಿಗೆ ಹಾಕ್ಬೇಡಿ, ಕಾಳು ಸೀಳಿ ಅನ್ನ ನುಚ್ಚಾಗತ್ತೆ. ನೆರಳಲ್ಲಿ ಹಳೇ ಸೀರೆ ಮೇಲೆ ತೆಳ್ಳಗೆ ಹರಡಿದ್ರೆ ನುಸಿ ತಾನೇ ಹರಿದು ಹೋಗತ್ತೆ, ಆಮೇಲೆ ಕೇರಿ, ಡಬ್ಬಕ್ಕೆ ಹಾಕಿ. ಬೇವಿನ ಸೊಪ್ಪು, ಒಣಮೆಣಸಿನಕಾಯಿ, ಲವಂಗ ಹಾಕೋದು ತಪ್ಪೇನಿಲ್ಲ, ವಾಸನೆಗೆ ಆಚೆಯಿಂದ ಬರೋ ಹುಳ ಸ್ವಲ್ಪ ದೂರ ಇರಬಹುದು, ಆದ್ರೆ ಕಾಳಿನ ಒಳಗೆ ಕೂತಿರೋದಕ್ಕೆ ಅದರಿಂದ ಏನೂ ಆಗಲ್ಲ. ಬೇವಿನ ಸೊಪ್ಪು ಹಾಕೋದಾದ್ರೆ ಪೂರ್ತಿ ಒಣಗಿಸಿ ಹಾಕಿ, ಹಸಿ ಸೊಪ್ಪು ಹಾಕಿ ಅಕ್ಕಿಗೇ ನೀರು ಕುಡಿಸಿದವರನ್ನ ನಾನು ನೋಡಿದ್ದೀನಿ.

ಹೆಸರುಕಾಳಿನ ಹುಳ ಬೇರೆ ಜಾತಿ. ಕಾಳಿನ ಮೇಲೆ ಬಿಳೀ ಚುಕ್ಕಿ ಅಂಟಿಕೊಂಡಿರತ್ತೆ ನೋಡಿ, ಸಾಸಿವೆಗಿಂತ ಸಣ್ಣದು, ಉಗುರಲ್ಲಿ ಕೆರೆದ್ರೆ ಎದ್ದು ಬರತ್ತೆ, ಅದೇ ಮೊಟ್ಟೆ. ಅಲಸಂದೆ, ಕಡಲೆ, ಅವರೆ ಇವಕ್ಕೂ ಇದೇ ಕಾಟ. ಇಡೀ ಕಾಳಿಗೆ ಬೀಳೋಷ್ಟು ಇದು ಬೇಳೆಗೆ ಬೀಳಲ್ಲ, ಅದಕ್ಕೇ ಹಳ್ಳೀಲಿ ತೊಗರೀನ ಕೆಮ್ಮಣ್ಣು ಕಟ್ಟಿ ಒಣಗಿಸಿ ಬೇಗ ಬೇಳೆ ಮಾಡಿಬಿಡ್ತಿದ್ರು. ನೀವು ಏನು ಮಾಡ್ಬೇಕು ಅಂದ್ರೆ ಕಾಳು ತಂದ ವಾರದಲ್ಲೇ, ಚೆನ್ನಾಗಿ ಬಿಸಿಲಿರೋ ದಿನ, ಟೆರೇಸಲ್ಲಿ ಒಂದು ಗೋಣಿಚೀಲ ಹಾಸಿ, ಅದರ ಮೇಲೆ ಕಪ್ಪು ಪ್ಲಾಸ್ಟಿಕ್ ಶೀಟು, ಅದರ ಮೇಲೆ ಕಾಳನ್ನ ಒಂದು ಬೆರಳು ದಪ್ಪಕ್ಕಿಂತ ಕಮ್ಮಿ ಹರಡಿ, ಮೇಲಿಂದ ಪಾರದರ್ಶಕ ಪ್ಲಾಸ್ಟಿಕ್ ಮುಚ್ಚಿ ಸುತ್ತ ಕಲ್ಲಿಟ್ಟು ಬಿಡಿ. ನಿಲ್ಲಿಸಿದ ಕಾರೊಳಗೆ ಕಾವು ಕೂರೋ ಹಾಗೆ ಅದರೊಳಗೂ ಕಾವು ಕೂತ್ಕೊಳ್ಳತ್ತೆ, ಮಾರ್ಚ್ ಏಪ್ರಿಲ್ ಬಿಸಿಲಿಗೆ 60 ಡಿಗ್ರಿ ಮುಟ್ಟತ್ತೆ. ಹನ್ನೊಂದರಿಂದ ಮೂರು ಗಂಟೆ ತನಕ ಬಿಟ್ರೆ ಮೊಟ್ಟೆ, ಮರಿ, ಹುಳ ಎಲ್ಲಾ ಸಾಯತ್ತೆ. ಮಳೆಗಾಲದಲ್ಲಿ ಬಿಸಿಲಿಲ್ಲ ಅಂದ್ರೆ ಬಾಣಲೇಲಿ ಸಣ್ಣ ಉರಿಯಲ್ಲಿ ಕೈ ಸುಡೋಷ್ಟು ಬೆಚ್ಚಗೆ ಮಾಡಿದ್ರೂ ಆಗತ್ತೆ, ಹುರಿಯೋದಲ್ಲ, ಬೆಚ್ಚಗೆ ಅಷ್ಟೆ. ತೊಗರಿಬೇಳೆಗೆ ಹರಳೆಣ್ಣೆ ಸವರೋದು ನಿಮ್ಮ ಅತ್ತೆಯವರಿಗೆ ಗೊತ್ತಿರತ್ತೆ, ಎರಡು ಕೆಜಿಗೆ ಒಂದೆರಡು ಚಮಚ, ಅಂಗೈಗೆ ಹಾಕ್ಕೊಂಡು ಉಜ್ಜಿ. ಎಣ್ಣೆ ಪದರ ಮೊಟ್ಟೆಗೆ ಗಾಳಿ ಆಡೋಕೆ ಬಿಡಲ್ಲ. ಅಡುಗೆಗೆ ಮುಂಚೆ ಬಿಸಿನೀರಲ್ಲಿ ತೊಳ್ಕೊಂಡ್ರೆ ಆಯ್ತು.

ಇಷ್ಟೆಲ್ಲ ಹೇಳಿದ್ರೂ ನಿಮ್ಮ ಬೇಳೆ ಹಾಳಾಗಿದ್ದು ಹುಳದಿಂದ ಅಲ್ಲ, ಪಸೆಯಿಂದ. ಬೆಂಗಳೂರಲ್ಲಿ ಜೂನ್‌ನಿಂದ ಅಕ್ಟೋಬರ್ ತನಕ ಎಲ್ಲದರ ಮೂಲಾನೂ ಪಸೆ. ಇಷ್ಟು ವರ್ಷ ಹೆಂಗಸರ ಸಂಘಗಳಿಗೆ ಸಂಡಿಗೆ, ಉಪ್ಪಿನಕಾಯಿ, ಜ್ಯಾಮ್ ಹೇಳಿಕೊಟ್ಟಿದ್ದೀನಿ, ನಾನು ನಿಜವಾಗಿ ಹೇಳಿಕೊಟ್ಟಿದ್ದು ಇದೊಂದೇ ವಿಷಯ ಅನ್ಸತ್ತೆ, ನೀರನ್ನ ದೂರ ಇಡೋದು. ಧಾನ್ಯದಲ್ಲಿ ನೀರಿನ ಅಂಶ ನೂರಕ್ಕೆ 12ರ ಒಳಗಿದ್ರೆ ಬೂಷ್ಟಿಗೆ ಬದುಕೋಕೆ ಆಗಲ್ಲ. ಮನೇಲಿ ಅಷ್ಟು ಕರಾರುವಾಕ್ಕಾಗಿ ಅಳೆಯೋಕೆ ಆಗಲ್ಲ, ಅಂದಾಜು ಮಾಡೋದು ಹೇಗೆ ಅಂದ್ರೆ ಒಂದು ಒಣ ಗಾಜಿನ ಬಾಟ್ಲಿಗೆ ಹಿಡಿ ಕಾಳು, ಒಂದು ಚಮಚ ಬಾಣಲೇಲಿ ಹುರಿದು ಆರಿಸಿದ ಪುಡಿ ಉಪ್ಪು ಹಾಕಿ ಮುಚ್ಚಿ ಚೆನ್ನಾಗಿ ಕುಲುಕಿ ಹತ್ತು ನಿಮಿಷ ಬಿಡಿ. ಉಪ್ಪು ಗಾಜಿಗೆ ಅಂಟಿಕೊಂಡ್ರೆ ಇನ್ನೂ ಪಸೆ ಇದೆ, ಉದುರಿ ಕೆಳಗೆ ಬಿದ್ರೆ ಡಬ್ಬಕ್ಕೆ ಹಾಕಬಹುದು. ಅಥವಾ ಹಲ್ಲಲ್ಲಿ ಕಚ್ಚಿ ನೋಡಿ, ಒಣಗಿದ್ದು ಕಟ್ ಅಂತ ಎರಡಾಗತ್ತೆ, ಹಸಿ ಇದ್ರೆ ಮೆತ್ತಗೆ ಅಮುಕತ್ತೆ.

ಬಹಳ ಜನ ಎಡವೋದು ಇಲ್ಲಿ: ಬಿಸಿಲಿಂದ ತಂದ ಕಾಳನ್ನ ಬಿಸಿ ಬಿಸಿಯಾಗೇ ಡಬ್ಬಕ್ಕೆ ಸುರಿದು ಮುಚ್ಚಿಬಿಡ್ತಾರೆ. ಸಂಜೆ ಡಬ್ಬ ತಣ್ಣಗಾದಾಗ ಮುಚ್ಚಳದ ಒಳಗಡೆ ಬೆರಳಾಡಿಸಿ ನೋಡಿ, ಬೆವರಿರತ್ತೆ. ಆ ಬೆವರು ವಾಪಸ್ ಕಾಳಿನ ಮೇಲೇ ಬೀಳೋದು. ಹಾಗಾಗಿ ನೆರಳಲ್ಲಿ ಪೂರ್ತಿ ಆರಿಸಿ, ರಾತ್ರಿ ಥಂಡಿ ಬೀಳೋಕೆ ಮುಂಚೆ ತುಂಬಿಸಿ. ಮೂಟೆ, ಡಬ್ಬ ನೆಲದ ಮೇಲೆ ಇಡಬೇಡಿ, ಎರಡು ಇಟ್ಟಿಗೆ ಮೇಲೆ ಒಂದು ಹಲಗೆ ಹಾಕಿ ಇಡಿ, ಗೋಡೆಯಿಂದ ಒಂದು ಗೇಣು ದೂರ. ಹಳೇದು ಮುಗಿಯೋ ಮುಂಚೆ ಅದರ ಮೇಲೇ ಹೊಸದು ಸುರೀಬೇಡಿ, ಡಬ್ಬ ಖಾಲಿ ಮಾಡಿ, ತೊಳೆದು, ಒಂದು ದಿನ ಬಿಸಿಲಿಗೆ ಬೋರಲು ಹಾಕಿ ಆಮೇಲೆ ತುಂಬಿಸಿ.

ನನ್ನ ಕಥೆ ಒಂದು ಹೇಳ್ಬೇಕು. ಒಂದು ವರ್ಷ ಬಸವನಗುಡಿ ಕಡಲೆಕಾಯಿ ಪರಿಷೆಗೆ ಹೋಗಿದ್ವಿ, ಕಾರ್ತಿಕದ ಕೊನೇ ಸೋಮವಾರ, ಜನ ಅಂದ್ರೆ ಜನ, ರಾತ್ರಿ ಹೊತ್ತು ರೇಟ್ ಇಳಿಸಿದ್ರು ಅಂತ ಒಂದು ದೊಡ್ಡ ಚೀಲ ಹಸಿ ಕಡಲೆಕಾಯಿ ಹೊತ್ಕೊಂಡು ಬಂದೆ. ನಾಳೆ ಹರಡೋಣ ನಾಡಿದ್ದು ಹರಡೋಣ ಅಂತ ಪ್ಲಾಸ್ಟಿಕ್ ಚೀಲದಲ್ಲೇ ಬಾಗಿಲ ಹಿಂದೆ ಬಿಟ್ಟಿದ್ದೆ, ಮೋಡ ಬೇರೆ. ಹತ್ತು ದಿನ ಬಿಟ್ಟು ಚೀಲಕ್ಕೆ ಕೈ ಹಾಕಿದ್ರೆ ಒಳಗೆ ಬೆಚ್ಚಗಿತ್ತು, ಸಿಪ್ಪೆ ಒಡೆದು ನೋಡಿದ್ರೆ ಬೀಜದ ಮೇಲೆ ಹಳದಿ ಹಸಿರು ಪುಡಿ. ಹುರಿದ್ರೆ ಸರಿ ಹೋಗತ್ತೆ ಅಂತ ನಮ್ಮತ್ತೆ ಅಂದ್ರು. ಸರಿ ಹೋಗಲ್ಲ. ಆ ಬೂಷ್ಟು ಬಿಡೋ ಅಫ್ಲಾಟಾಕ್ಸಿನ್ ಅನ್ನೋ ವಿಷ ಹುರಿದ್ರೂ ಬೇಯಿಸಿದ್ರೂ ಪೂರ್ತಿ ಹೋಗಲ್ಲ, ಲಿವರ್‌ಗೆ ಕೆಟ್ಟದ್ದು. ಪೂರಾ ಚೀಲ ತಿಪ್ಪೆಗೆ ಹಾಕಿದೆ, ಹೊಟ್ಟೆ ಉರೀತು. ಕಡಲೆಕಾಯಿ, ಮೆಣಸಿನಕಾಯಿ, ಜೋಳ ಈ ಮೂರರಲ್ಲಿ ಬೂಷ್ಟು ಕಂಡ್ರೆ ಉಳಿಸೋಕೆ ಹೋಗ್ಬೇಡಿ. ನಿಮ್ಮ ಆ ಮುಗ್ಗಲು ಬೇಳೆ ಇನ್ನೂ ಮನೇಲಿದ್ರೆ ಅದಕ್ಕೂ ಇದೇ ಮಾತು.

ಸಾರಿನ ಪುಡಿ, ಹುಳಿ ಪುಡಿ ಮನೇಲಿ ಮಾಡೋದ್ರಲ್ಲಿ ನಿಜವಾಗ್ಲೂ ದುಡ್ಡು ಉಳಿಯತ್ತೆ, ಪ್ಯಾಕೆಟ್ ಪುಡಿ ಗ್ರಾಂ ಲೆಕ್ಕದಲ್ಲಿ ನೋಡಿದ್ರೆ ದುಬಾರಿ. ಫೆಬ್ರವರಿ ಮಾರ್ಚಲ್ಲಿ ಹೊಸ ಬ್ಯಾಡಗಿ ಮೆಣಸಿನಕಾಯಿ, ಹೊಸ ಹುಣಸೆ ಎರಡೂ ಬರತ್ತೆ, ಪಕ್ಕದ ಮನೆಯವರು ಇಬ್ಬರನ್ನ ಸೇರಿಸ್ಕೊಂಡು ಯಾರ್ಡಿಗೆ ಹೋದ್ರೆ ಆಟೋ ಮೂರು ಪಾಲಾಗತ್ತೆ. ಮೆಣಸಿನಕಾಯಿ ಮುರಿದು ನೋಡಿ, ಬಗ್ಗಿದ್ರೆ ನೀವು ನೀರಿಗೆ ದುಡ್ಡು ಕೊಡ್ತಿದ್ದೀರ ಅಂತ ಅರ್ಥ. ತಂದು ಎರಡು ದಿನ ಗರಿಗರಿ ಆಗೋ ತನಕ ಒಣಗಿಸಿ, ಎಲ್ಲ ಬೇರೆ ಬೇರೆ ಹುರಿದು ಮಿಲ್ಲಿಗೆ ಕೊಡಿ. ಮಿಲ್ಲಿಂದ ಬಂದ ಪುಡಿ ಕೈ ಇಟ್ರೆ ಸುಡೋಷ್ಟು ಬಿಸಿ ಇರತ್ತೆ, ಪೇಪರ್ ಮೇಲೆ ಹರಡಿ ಆರಿಸಿ ತುಂಬಿಸಿ, ಇಲ್ಲಾಂದ್ರೆ ಗಂಟು ಕಟ್ಟಿ ಒಂದು ತಿಂಗಳಿಗೆ ವಾಸನೆ. ದಿನ ಬಳಸೋಕೆ ಸಣ್ಣ ಡಬ್ಬ, ಮಿಕ್ಕಿದ್ದು ಮುಚ್ಚಿಟ್ಟ ದೊಡ್ಡ ಡಬ್ಬ, ಕುದಿಯೋ ಸಾರಿನ ಮೇಲೆ ಡಬ್ಬ ಹಿಡಿದು ಪುಡಿ ಉದುರಿಸೋ ಅಭ್ಯಾಸ ಇದ್ರೆ ಬಿಡಿ, ಹಬೆ ಪೂರ್ತಿ ಒಳಗೆ ಹೋಗತ್ತೆ. ಹುಣಸೆಹಣ್ಣು ಬೀಜ, ನಾರು ತೆಗೆದು ಬಿಸಿಲಿಗೆ ಹಾಕಿ, ಕೆಜಿಗೆ ಒಂದು ಹಿಡಿ ಕಲ್ಲುಪ್ಪು ಸೇರಿಸಿ ಉಂಡೆ ಕಟ್ಟಿ ಜಾಡಿಗೆ ಒತ್ತಿಡಿ. ಸ್ಟೀಲು, ಹಿತ್ತಾಳೆ ಬೇಡ, ಹುಳಿ ಅಲ್ವಾ.

ಸಂಡಿಗೆ ಹಪ್ಪಳ ಮಾಡೋಕೆ ಓನರ್ ಟೆರೇಸ್ ಬಿಡ್ತಾರಾ ಅನ್ನೋದೇ ದೊಡ್ಡ ಪ್ರಶ್ನೆ ಈ ಊರಲ್ಲಿ, ಬಿಟ್ರೂ ಪಾರಿವಾಳ, ರಸ್ತೆ ಅಗೆದ ಧೂಳು. ಒಂದು ಹಳೇ ಸೊಳ್ಳೆಪರದೆ ಮೇಲೆ ಮುಚ್ಚಿದ್ರೆ ಎರಡಕ್ಕೂ ಆಯ್ತು. ಶಿವರಾತ್ರಿ ಆದ್ಮೇಲೆ ಶುರು ಮಾಡಿ ಏಪ್ರಿಲ್ ಮಧ್ಯಕ್ಕೆ ಮುಗಿಸಿಬಿಡಿ, ಆಮೇಲೆ ಮಧ್ಯಾಹ್ನ ಮೂರಾದ್ರೆ ಮಳೆ ನಂಬಂಗಿಲ್ಲ. ಸಬ್ಬಕ್ಕಿ ಸಂಡಿಗೆ, ಬಾಳಕದ ಮೆಣಸಿನಕಾಯಿ ಎರಡು ಮಾಡಿಟ್ರೆ ಮಳೆಗಾಲದಲ್ಲಿ ತರಕಾರಿ ತುಟ್ಟಿ ಆದಾಗ ತಿಳಿಸಾರು ಅನ್ನಕ್ಕೆ ಮಕ್ಕಳು ತಕರಾರಿಲ್ಲದೆ ಊಟ ಮಾಡ್ತಾರೆ.

ಫ್ರಿಡ್ಜಿಗೆ ಬರೋಣ. ತರಕಾರಿ ತಿಂಗಳುಗಟ್ಟಲೆ ಇಡ್ಬೇಕು ಅಂದ್ರೆ ಮೈನಸ್ 18 ಡಿಗ್ರಿ ಬೇಕು, ಸಿಂಗಲ್ ಡೋರ್ ಫ್ರಿಡ್ಜಿನ ಐಸ್ ಪೆಟ್ಟಿಗೆ ಸಾಮಾನ್ಯವಾಗಿ ಅಷ್ಟು ತಂಪಾಗಲ್ಲ. ಸುಲಭದ ಪರೀಕ್ಷೆ ಇದೆ, ಒಂದು ಕಪ್ ಐಸ್‌ಕ್ರೀಂ ತಂದು ರಾತ್ರಿ ಇಟ್ಟು ಬೆಳಿಗ್ಗೆ ಚಮಚ ಚುಚ್ಚಿ (ಮಕ್ಕಳಿಗೂ ಖುಷಿ). ಕಲ್ಲಿನ ಹಾಗಿದ್ರೆ ಎರಡು ಮೂರು ತಿಂಗಳು ನಂಬಬಹುದು, ಚಮಚ ಸಲೀಸಾಗಿ ಇಳಿದ್ರೆ ಎರಡು ಮೂರು ವಾರದೊಳಗೆ ಮುಗಿಸೋ ಸಾಮಾನು ಮಾತ್ರ ಇಡಿ. ಆ ಜಾಗದಲ್ಲಿ ಏನಿಡಬೇಕು ಅಂತ ನನ್ನ ಕೇಳಿದ್ರೆ, ಚಳಿಗಾಲದಲ್ಲಿ ಅವರೆಕಾಳು, ಮಿಕ್ಕ ದಿನ ತುರಿದ ತೆಂಗಿನಕಾಯಿ. 2025ರಲ್ಲಿ ಕಾಯಿ ರೇಟ್ ಏರಿದಾಗ ಅರ್ಧ ಹೋಳು ಫ್ರಿಡ್ಜಲ್ಲಿ ಗುಲಾಬಿ ಬಣ್ಣಕ್ಕೆ ತಿರುಗೋದನ್ನ ನೋಡೋಕೆ ಆಗ್ತಿರಲಿಲ್ಲ, ಆಗಿಂದ ಕಾಯಿ ಒಡೆದ ದಿನವೇ ಪೂರ್ತಿ ತುರಿದು ಚಪ್ಪಟೆಯಾಗಿ ಕವರಲ್ಲಿ ಹಾಕಿಡ್ತೀನಿ, ಬೇಕಾದಷ್ಟು ಮುರ್ಕೊಂಡ್ರೆ ಆಯ್ತು. ಐಸ್‌ಕ್ರೀಂ ಕಲ್ಲಾಗೋಷ್ಟು ತಂಪಿದ್ರೆ ರವೆ, ಮೈದಾ ಪ್ಯಾಕೆಟ್ ತಂದಾಗ ನಾಲ್ಕು ದಿನ ಅಲ್ಲೇ ಇಟ್ಟು ತೆಗೆದ್ರೂ ಹುಳದ ಮೊಟ್ಟೆ ಸಾಯತ್ತೆ, ಆದ್ರೆ ಆಚೆ ತೆಗೆದ ತಕ್ಷಣ ಕವರ್ ಬಿಚ್ಚಬೇಡಿ, ಪೂರ್ತಿ ರೂಮಿನ ಬಿಸಿಗೆ ಬಂದ್ಮೇಲೆ ಬಿಚ್ಚಿ, ಮತ್ತದೇ ಪಸೆ ಕಥೆ.

ಅವರೆಕಾಳು ಡಿಸೆಂಬರ್ ಜನವರೀಲಿ ಮಾಗಡಿ ಕಡೆಯಿಂದ ರಾಶಿ ಬರತ್ತೆ, ಆಗ ತಗೊಳ್ಳಿ. ಸುಲಿದ ಕಾಳನ್ನ ಹಾಗೇ ಫ್ರೀಜರಿಗೆ ತುರುಕಿದ್ರೆ ಎರಡೇ ವಾರಕ್ಕೆ ಸೊಗಡೂ ಹೋಗಿ ಒಂಥರಾ ಹುಲ್ಲಿನ ವಾಸನೆ ಬರತ್ತೆ. ದೊಡ್ಡ ಪಾತ್ರೇಲಿ ನೀರು ಮಳ್ಳಿಸಿ ಕಾಳು ಹಾಕಿ ಎರಡು ನಿಮಿಷ, ಹಸಿರು ಒಂದು ಕ್ಷಣ ಗಾಢ ಆಗತ್ತಲ್ಲ ಆಗ ತೆಗೆದು ತಣ್ಣೀರಿಗೆ ಹಾಕಿ, ಬಸಿದು, ಬಟ್ಟೆ ಮೇಲೆ ಹರಡಿ ನೀರೆಲ್ಲ ಆರಿದ ಮೇಲೆ ಒಂದು ತಟ್ಟೇಲಿ ಬಿಡಿಬಿಡಿಯಾಗಿ ಫ್ರೀಜ್ ಮಾಡಿ, ಆಮೇಲೆ ಒಂದೊಂದು ಹುಳಿಗೆ ಆಗೋಷ್ಟು ಒಂದೊಂದು ಕವರು. ಹಿತಕಿದ ಬೇಳೆ ಆದ್ರೆ ಒಂದು ನಿಮಿಷ ಸಾಕು, ಜಾಸ್ತಿ ಆದ್ರೆ ಎರಡು ಹೋಳಾಗಿ ಬಿಚ್ಚಿಕೊಳ್ಳತ್ತೆ. ಹಿತಕೋ ಕೆಲ್ಸ ಅತ್ತೆಗೂ ಮಕ್ಕಳಿಗೂ ಕೊಡಿ. ಬಟಾಣಿಗೂ ಇದೇ ವಿಧಾನ.

ಈಗ ನೀವು ಕೇಳಿದ ಆ ಬಾಟಲಿ ವಿಡಿಯೋ. ಬೀನ್ಸು, ಕ್ಯಾರೆಟ್ಟು, ಅವರೆಕಾಳು, ಬೇಯಿಸಿದ ಸಾಂಬಾರು ಇವನ್ನ ಬಾಟಲೀಲಿ ಹಾಕಿ ಕುದಿಸಿ ಹೊರಗಡೆ ಇಡೋದು ನಮ್ಮ ಮನೆಗಳಿಗೆ ಆಗೋದಲ್ಲ. ಮಣ್ಣಲ್ಲಿರೋ ಒಂದು ಬ್ಯಾಕ್ಟೀರಿಯಾ ಇದೆ, ಬೊಟುಲಿನಂ ಅಂತ, ಅದರ ಬೀಜ ಕುದಿಯೋ ನೀರಿಗೆ ಸಾಯಲ್ಲ, 121 ಡಿಗ್ರಿ ಬೇಕು. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ, ಇಲ್ಲಿ ನೀರು 97 ಡಿಗ್ರಿಗೇ ಕುದಿಯತ್ತೆ, ಎಷ್ಟು ಗಂಟೆ ಕುದಿಸಿದ್ರೂ ಅದಕ್ಕಿಂತ ಬಿಸಿ ಆಗಲ್ಲ. ಗಾಳಿ ಇಲ್ಲದ ಬಾಟಲಿ, ಹುಳಿ ಇಲ್ಲದ ತರಕಾರಿ, ಅದಕ್ಕೆ ಇನ್ನೇನು ಬೇಕು, ಒಳಗೇ ಬೆಳೆದು ವಿಷ ಬಿಡತ್ತೆ, ವಾಸನೆ ನೋಡಿ ಕಂಡುಹಿಡಿಯೋಕೂ ಆಗಲ್ಲ. ಕುಕ್ಕರಲ್ಲಿ ನಾಲ್ಕು ವಿಶಲ್ ಕೂಗಿಸಿದ್ರೆ ಅಂತ ಕೇಳಬೇಡಿ, ಆ ಕೆಲಸಕ್ಕೆ ಒತ್ತಡ ತೋರಿಸೋ ಮೀಟರ್ ಇರೋ ಬೇರೆ ಪಾತ್ರೆ, ಬೇರೆ ಲೆಕ್ಕ ಇದೆ. ಬೆಳ್ಳುಳ್ಳಿ ಸುಲಿದು ಹಸಿಯಾಗಿ ಎಣ್ಣೇಲಿ ಮುಳುಗಿಸಿ ಹೊರಗಿಡೋದೂ ಇದೇ ಕಾರಣಕ್ಕೆ ಅಪಾಯ, ಫ್ರಿಡ್ಜಲ್ಲಿ ನಾಲ್ಕು ದಿನ ಅಷ್ಟೆ.

ಟೊಮೆಟೊ ಬಗ್ಗೆ ಮಾತ್ರ ಮನಸ್ಸು ಬಿಚ್ಚಿ ಹೇಳ್ತೀನಿ, ತೊಕ್ಕು ಮಾಡಿ. 2023ರ ಜುಲೈಯಲ್ಲಿ ಕೆಜಿ ನೂರು ದಾಟಿತ್ತಲ್ಲ, ಕೋಲಾರದ ಮಾರ್ಕೆಟ್ ಇಲ್ಲೇ ಪಕ್ಕದಲ್ಲಿದ್ದೂ ನಾವು ಟೊಮೆಟೊ ಎಣಿಸಿ ತಗೊಂಡ್ವಿ. ಅಗ್ಗ ಇದ್ದಾಗ ಐದು ಕೆಜಿ ತಂದು, ತೊಳೆದು ಒರೆಸಿ ಹೆಚ್ಚಿ, ನಿಂಬೆಗಾತ್ರ ಹುಣಸೆಹಣ್ಣು ಎರಡು ಮೂರು, ಉಪ್ಪು, ಅರಿಶಿನ ಹಾಕಿ ಮುಚ್ಚಳ ಇಲ್ಲದೆ ದಪ್ಪ ತಳದ ಬಾಣಲೇಲಿ ಬತ್ತಿಸಿ. ಹದ ಯಾವಾಗ ಅಂದ್ರೆ ಸೌಟಿಂದ ತಳದಲ್ಲಿ ಗೆರೆ ಎಳೆದ್ರೆ ಅದು ಮುಚ್ಚಿಕೊಳ್ಳದೆ ಹಾಗೇ ನಿಲ್ಲಬೇಕು, ಸುತ್ತ ನೀರು ಬಿಡಬಾರದು. ಆಮೇಲೆ ಎಣ್ಣೆ, ಸಾಸಿವೆ, ಮೆಂತ್ಯದ ಪುಡಿ, ಖಾರದಪುಡಿ ಹಾಕಿ ಎಣ್ಣೆ ಬಿಡೋ ತನಕ ಬಾಡಿಸಿ. ಒಣ ಬಾಟ್ಲೀಲಿ ಹಾಕಿ ಫ್ರಿಡ್ಜಲ್ಲಿಟ್ರೆ ಎರಡು ತಿಂಗಳು ಚೆನ್ನಾಗಿರತ್ತೆ, ಒಂದು ಚಮಚ ಹಾಕಿದ್ರೆ ಸಾರಿಗೆ ಬೇರೆ ಟೊಮೆಟೊ ಬೇಡ. ಗ್ಯಾಸ್ ಖರ್ಚಾಗತ್ತೆ, ಅದೂ ಲೆಕ್ಕಕ್ಕೆ ಹಿಡೀರಿ, ಕೆಜಿಗೆ ಹದಿನೈದು ಇಪ್ಪತ್ತರ ಮೇಲೆ ಇದ್ದಾಗ ಈ ಕೆಲಸ ಗಿಟ್ಟಲ್ಲ.

ಕೊನೇದು ನಿಮ್ಮ ಉಪ್ಪಿನಕಾಯಿ. ಬಿಪಿ ಅಂತ ಉಪ್ಪು ಕಮ್ಮಿ ಹಾಕಿದ್ದೇ ಬೂಷ್ಟು ಬರೋಕೆ ಕಾರಣ. ಉಪ್ಪಿನಕಾಯೀಲಿ ಉಪ್ಪು ರುಚಿಗೆ ಹಾಕೋದಲ್ಲಮ್ಮ, ಹೋಳಲ್ಲಿರೋ ನೀರನ್ನ ಎಳೆದು ಕಟ್ಟಿಹಾಕೋಕೆ ಹಾಕೋದು. ಒಂದು ಕೆಜಿ ಹೋಳಿಗೆ 200 ಗ್ರಾಂ ಕಲ್ಲುಪ್ಪು, ಬಾಣಲೇಲಿ ಪಟಪಟ ನಿಲ್ಲೋ ತನಕ ಹುರಿದು ಪುಡಿ ಮಾಡಿದ್ದು, ಇದರ ಕೆಳಗೆ ಇಳೀಬೇಡಿ. ಯಜಮಾನ್ರಿಗೆ ಬಿಪಿ ಇದ್ರೆ ತಟ್ಟೇಲಿ ಕಮ್ಮಿ ಬಡಿಸಿ, ಜಾಡೀಲಿ ಕಮ್ಮಿ ಮಾಡ್ಬೇಡಿ, ಅಥವಾ ಅವರಿಗೆ ಅಂತಲೇ ಕಾಲು ಕೆಜಿ ಹೋಳನ್ನ ಕಮ್ಮಿ ಉಪ್ಪಲ್ಲಿ ಬೇರೆ ಮಾಡಿ ಫ್ರಿಡ್ಜಲ್ಲಿಟ್ಟು ಎರಡು ವಾರದಲ್ಲಿ ಮುಗಿಸಿ. ಕಾಯಿ ತೊಳೆದು ಒರೆಸಿ ರಾತ್ರಿಯೆಲ್ಲ ಬಟ್ಟೆ ಮೇಲೆ ಆರಬೇಕು, ತೊಟ್ಟಿನ ಗುಳೀಲಿ ನೀರು ನಿಂತಿರತ್ತೆ, ಅಲ್ಲಿ ಬಟ್ಟೆ ತುದಿ ಹಾಕಿ ಒತ್ತಿ. ಎಣ್ಣೆ ಹೊಗೆಯಾಡೋ ತನಕ ಕಾಯಿಸಿ ಪೂರ್ತಿ ಆರಿಸಿ ಹಾಕಿ, ಹೋಳಿನ ಮೇಲೆ ಒಂದು ಬೆರಳು ಅಗಲ ನಿಂತಿರಬೇಕು, ಎರಡು ವಾರ ಬಿಟ್ಟು ನೋಡಿ, ಹೋಳು ಕುಡಿದಿರತ್ತೆ, ಮತ್ತೆ ಹಾಕಿ. ದಿನ ತೆಗೆಯೋಕೆ ಸಣ್ಣ ಬಾಟ್ಲಿ, ಜಾಡಿ ಬಾಯಿ ತಿಂಗಳಿಗೊಂದೇ ಸಲ ಬಿಚ್ಚಬೇಕು, ಅದೂ ಒಣ ಮರದ ಸೌಟಲ್ಲಿ.

ಬೂಷ್ಟು ಬಂದಿದ್ದನ್ನ ಮೇಲಿಂದ ತೆಗೆದು ಬಿಸಿ ಎಣ್ಣೆ ಹುಯ್ದು ಇಟ್ಕೊಂಡಿದ್ದೀರೇನೋ ಅಂತ ನನಗೆ ಅನುಮಾನ, ಎಲ್ರೂ ಹಾಗೇ ಮಾಡ್ತಾರೆ. ಹತ್ತಿಯ ಹಾಗೆ ಕೂದಲೆದ್ದಿದ್ರೆ ಅದು ಕಾಣೋದು ಮೇಲೆ ಮಾತ್ರ, ಎಳೆ ಕೆಳಗೂ ಇಳಿದಿರತ್ತೆ, ಚೆಲ್ಲಿಬಿಡಿ. ಜಾಡೀನ ಬಿಸಿನೀರಲ್ಲಿ ತೊಳೆದು ಮೂರು ದಿನ ಬಿಸಿಲಿಗೆ ಬಿಡಿ. ಈ ಸಲ ಎರಡೇ ಕೆಜಿ ಹಾಕಿ, ಅಳತೆಗೆ ಅತ್ತೆಯವರನ್ನ ಕೇಳಿ, ಐದು ಲೋಟ ಹೋಳಿಗೆ ಒಂದು ಲೋಟ ಉಪ್ಪು ಅಂತಲೇ ಅವರು ಹೇಳೋದು, ಹಾಗೆ ಹಾಕಿದ್ರೆ ಉಪ್ಪು ನನ್ನ ಲೆಕ್ಕಕ್ಕಿಂತ ಕಮ್ಮಿ ಅಂತೂ ಆಗಲ್ಲ.